ಮಗ್ಗದ ಕುಣಿಯಲ್ಲಿ ಬೆಳ್ಳಿಮುಖದ ಕಣಜ

ಅವ್ವ ಬಿದ್ದ ಮೇಲೆ ಮಗ್ಗ ನಿಂತಿತು, ಮಗ್ಗ ನಿಂತ ಮೇಲೆ ಕಣಜಗಳು ಬಂದವು. ಇದು ಹೋದ ಮಳೆಗಾಲದ ಮಾತು.

ನಾರಾಯಣಪೇಟೆಯ ನಮ್ಮ ಮನೆಯಲ್ಲಿ ನಡುಮನೆಯೇ ಮಗ್ಗದ ಮನೆ. ಮಣ್ಣಿನ ನೆಲದಲ್ಲಿ ತೋಡಿದ ಕುಣಿ, ಅದರ ಅಂಚಿಗೆ ಕೂತು ಕಾಲು ಇಳಿಬಿಟ್ಟರೆ ಕೆಳಗೆ ತುಳಿಮಣೆ ಸಿಗುತ್ತದೆ. ಅವ್ವ ಮದುವೆಯಾಗಿ ಬಂದಾಗಿನಿಂದ ಅಲ್ಲೇ ಕೂತು ಸೀರೆ ನೇಯ್ದಳು. ಲಕ್ವ ಹೊಡೆದದ್ದೂ ಅಲ್ಲೇ. ಲಾಳಿ ಎಸೆಯಲು ಎತ್ತಿದ ಕೈ ಹಾಗೇ ನಿಂತು ಮೈ ಪಕ್ಕಕ್ಕೆ ವಾಲಿತಂತೆ. ರಾಯಚೂರಿನ ದವಾಖಾನೆಯಲ್ಲಿದ್ದಾಗ ಇನ್ನೊಂದು ಸಲ ಹೊಡೆಯಿತು. ಎರಡೂ ಕೈ ಹೋದವು, ಮಾತು ಹೋಯಿತು, ನುಂಗುವುದು ಹೋಯಿತು. ಕಣ್ಣಿನ ರೆಪ್ಪೆಗಳು ಅರ್ಧಕ್ಕೆ ಇಳಿದು ಅಲ್ಲೇ ನಿಂತುಬಿಟ್ಟವು. ಮೂಗಿಗೆ ಒಂದು ನಳಿಗೆ ಹಾಕಿ, ಅದರಲ್ಲಿ ಗಂಜಿ ಬಿಡುವುದನ್ನು ಅತ್ತಿಗೆಗೆ ಕಲಿಸಿ ಮನೆಗೆ ಕಳಿಸಿದರು. ತಿಳುವಳಿಕೆ ಎಷ್ಟು ಉಳಿದಿದೆ ಎಂದು ಡಾಕ್ಟರನ್ನು ಕೇಳಿದರೆ ಆತ ಭುಜ ಕುಣಿಸಿದ. ಅವ್ವನ ಮಂಚವನ್ನು ಮಗ್ಗದ ಪಕ್ಕದಲ್ಲೇ ಹಾಕಿದೆವು, ಬೇರೆಲ್ಲೂ ಜಾಗ ಇರಲಿಲ್ಲ.

ನಾನು ಮಕ್ತಲಿನ ಒಂದು ಜೂನಿಯರ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತೇನೆ. ಶನಿವಾರ ಸಂಜೆ ಬಸ್ಸು ಹತ್ತಿ ಅವ್ವನ ಹತ್ತಿರ ಬರುವುದು, ಸೋಮವಾರ ಬೆಳಿಗ್ಗೆ ತಿರುಗಿ ಹೋಗುವುದು. ಅವ್ವನನ್ನು ನೋಡಿಕೊಂಡವರು ಅಣ್ಣ ಮತ್ತು ಅತ್ತಿಗೆ. ಅತ್ತಿಗೆ ಗದ್ವಾಲದವಳು, ಅವಳು ತೆಲುಗಿನಲ್ಲಿ ಬೈಯುತ್ತಾಳೆ, ನಾವು ಕನ್ನಡದಲ್ಲಿ ಬೈಸಿಕೊಳ್ಳುತ್ತೇವೆ.

ಒಂದು ಶನಿವಾರ ಮನೆಗೆ ಬಂದಾಗ ಅಣ್ಣ ಸೀಮೆಎಣ್ಣೆಯ ಬಾಟಲಿ ಹಿಡಿದು ಕುಣಿಯ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದ.

"ಇಲ್ಲಂತಾ ಕಂದಿರೀಗಲೇ!" ಎಂದು ಅತ್ತಿಗೆ ಹಣೆ ಬಡಿದುಕೊಂಡಳು. ಮನೆ ತುಂಬ ಕಣಜವಂತೆ.

ನೋಡಿದರೆ ಕುಣಿಯ ತಳದಲ್ಲಿ, ತುಳಿಮಣೆಯ ಹಿಂದಿನ ಸಡಿಲ ಮಣ್ಣಿನಲ್ಲಿ ಬೆರಳು ಹೋಗುವಷ್ಟು ತೂತುಗಳು. ಒಂದು ಕಪ್ಪು ಕಣಜ ತೂತಿನಿಂದ ಹಿಂದುಹಿಂದಕ್ಕೆ ನಡೆಯುತ್ತ ಬಂತು. ಗದ್ದಕ್ಕೂ ಮುಂಗಾಲಿಗೂ ನಡುವೆ ಮಣ್ಣಿನ ಉಂಡೆ ಒತ್ತಿ ಹಿಡಿದಿತ್ತು. ಅದನ್ನು ದೂರ ಚೆಲ್ಲಿ ಮತ್ತೆ ಒಳಗೆ ನುಗ್ಗಿತು. ಒಳಗಿನಿಂದ ಗುಂಯ್ ಎಂಬ ಸದ್ದು ಬರುತ್ತಿತ್ತು.

"ಎಣ್ಣಿ ಗಿಣ್ಣಿ ಹಾಕಿದ್ರ ನೋಡು!" ಎಂದು ಕೂಗಿದೆ. ನಾನು ಮೆಲ್ಲಗೆ ಹೇಳಿದರೆ ನಮ್ಮ ಮನೆಯಲ್ಲಿ ಯಾರಿಗೂ ಕೇಳುವುದಿಲ್ಲ. "ಇವು ಮೈಮ್ಯಾಲ ಬೀಳೋ ಕಣಜ ಅಲ್ಲ. ಇವಕ್ಕ ರಾಣಿ ಇಲ್ಲ, ದಂಡು ಇಲ್ಲ. ಒಂದೊಂದು ಹೆಣ್ಣು ತನ್ನ ಪಾಡಿಗೆ ತಾನು ತೂತು ತೋಡತೈತಿ. ಕೈಲಿ ಹಿಡದ್ರ ಮಾತ್ರ ಕಡೀತೈತಿ."

"ಹೌದವಾ, ನಿಮ್ಮ ಬಳಗ. ನಿನಗ ಗೊತ್ತಿರತೈತಿ," ಎಂದು ಅಣ್ಣ ಬಾಟಲಿಯ ಮುಚ್ಚಳ ತಿರುಗಿಸಿದ.

ಖರೆ ಹೇಳಬೇಕೆಂದರೆ ಆ ಕಣಜಗಳು ಬಂದದ್ದು ನನಗೆ ಒಳ್ಳೆಯದೇ ಆಯಿತು. ಅವ್ವನ ಮುಖವನ್ನೇ ನೋಡುತ್ತ ಇಡೀ ಹಗಲು ಕೂರುವ ಶಕ್ತಿ ನನಗಿರಲಿಲ್ಲ. ಮಂಚದ ತುದಿಗೆ ಕೂತು, ಒಂದು ಕೈ ಅವ್ವನ ಮೊಣಕಾಲ ಮೇಲಿಟ್ಟುಕೊಂಡು, ಕುಣಿಯೊಳಗೆ ನೋಡುತ್ತಿದ್ದೆ. ಕಿಟಕಿಯಲ್ಲಿ ಸತ್ತು ಬಿದ್ದಿದ್ದ ಒಂದನ್ನು ಕಾಲೇಜಿಗೆ ಒಯ್ದು ಭೂತಗನ್ನಡಿಯ ಕೆಳಗೆ ಇಟ್ಟೆ. ಸೊಂಟ ದಾರದ ಹಾಗೆ ಸಪೂರ, ಅದೂ ಒಂದೇ ತುಂಡು. ಮುಖಕ್ಕೆ ಬೆಳ್ಳಿಯ ಬಣ್ಣದ ನವಿರು ಕೂದಲು. ಪಾದದ ಉಗುರಿನ ಬುಡದಲ್ಲಿ ಜೋಡಿ ಹಲ್ಲು. ರೆಕ್ಕೆಯ ನರಗಳ ನಡುವಿನ ಕೋಣೆಗಳನ್ನು ಹೊಂದಿಸಿ ನೋಡಿದ ಮೇಲೆ ಅದು ಸ್ಫೆಕ್ಸ್ ಕುಲದ್ದು ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ಪ್ರಭೇದ ಅರ್ಜೆಂಟೇಟಸ್ ಇರಬೇಕು, ಬೆಳ್ಳಿಯದು ಎಂದು ಅರ್ಥ. ಆಣೆ ಮಾಡಿ ಹೇಳಲಾರೆ. ಈ ಗುಂಪಿನಲ್ಲಿ ಕುಲದವರೆಗೆ ಧೈರ್ಯವಾಗಿ ಬರಬಹುದು, ಪ್ರಭೇದಕ್ಕೆ ಬಂದಾಗ ದೊಡ್ಡವರೇ ಜಗಳವಾಡುತ್ತಾರೆ.

ಹಿಂದೆ ನೆಲ ತೋಡುವ ಒಂಟಿ ಕಣಜಗಳನ್ನೆಲ್ಲ ಒಂದೇ ಕುಟುಂಬಕ್ಕೆ ತುಂಬಿ ಕೈ ತೊಳೆದುಕೊಂಡಿದ್ದರು. ಈಗ ಬೇರೆ ಬೇರೆ ಮಾಡಿದ್ದಾರೆ. ತಮಾಷೆ ಏನೆಂದರೆ, ಜೇನುಹುಳ ಹುಟ್ಟಿದ್ದು ಈ ಬೇಟೆಗಾರ ಕಣಜಗಳ ವಂಶದಲ್ಲೇ. ಮಾಂಸ ಬಿಟ್ಟು ಹೂವಿನ ಪುಡಿ ಹಿಡಿದವರು ಜೇನಾದರು. ಇದನ್ನು ನಾನು ಬಹಳ ಉಮೇದಿನಿಂದ ಅಣ್ಣನಿಗೆ ಹೇಳಿದೆ.

"ಹೆಸರಿಟ್ರ ಕಡಿಯೋದು ಬಿಡತಾವೇನು?" ಎಂದ.

ಅವನ ತಪ್ಪೇನಿಲ್ಲ. ಅವ್ವನ ಬೆನ್ನಿನಲ್ಲಿ ಮಲಗಿ ಮಲಗಿ ಹುಣ್ಣಾಗಿತ್ತು. ಅದನ್ನು ತೊಳೆದು ಕೈಗೆ ಸಾಬೂನು ಹಚ್ಚುತ್ತಿದ್ದವನ ಹತ್ತಿರ ನಾನು ವಂಶಾವಳಿ ಹೇಳುತ್ತಿದ್ದೆ.

ಮಳೆ ಬಿದ್ದು ತೊಗರಿ ಹೊಲಗಳಲ್ಲಿ ಹಸಿರು ಮಿಡತೆ ಎದ್ದ ಮೇಲೆ ಕಣಜಗಳ ಬೇಟೆ ಜೋರಾಯಿತು. ಉದ್ದ ಮೀಸೆಯ ಮಿಡತೆ, ಕಣಜಕ್ಕಿಂತ ಭಾರದ್ದು. ಅದರ ಮೀಸೆಯನ್ನು ಕಚ್ಚಿ ಹಿಡಿದು, ಅದರ ಮೈಯನ್ನು ತೊಡೆಗಳ ನಡುವೆ ಇಟ್ಟುಕೊಂಡು, ಕಿಟಕಿಯಿಂದ ಇಳಿದು ಮಗ್ಗದ ಹಲಗೆಗಳ ಮೇಲೆ ದರದರ ಎಳೆಯುತ್ತ ಬರುತ್ತಿತ್ತು. ತೂತಿನ ಬಾಯಿಗೆ ಬಂದಾಗ ಮಿಡತೆಯನ್ನು ಹೊರಗೆ ಬಿಟ್ಟು ತಾನೊಂದೇ ಒಳಗೆ ಹೋಗಿ ನೋಡಿ ಬರುತ್ತಿತ್ತು. ಆಮೇಲೆ ತಲೆ ಹೊರಗೆ ಹಾಕಿ ಮೀಸೆ ಹಿಡಿದು ಒಳಗೆಳೆದುಕೊಳ್ಳುತ್ತಿತ್ತು. ಅದು ಒಳಗೆ ಹೋದಾಗ ನಾನೊಮ್ಮೆ ಕಡ್ಡಿಯಿಂದ ಮಿಡತೆಯನ್ನು ಸ್ವಲ್ಪ ಸರಿಸಿದೆ. ಹೊರಗೆ ಬಂದು, ಹುಡುಕಿ, ಮತ್ತೆ ಬಾಯಿಗೆ ತಂದಿಟ್ಟು, ಮತ್ತೆ ಒಳಗೆ ನೋಡಲು ಹೋಯಿತು. ಮತ್ತೆ ಸರಿಸಿದೆ, ಮತ್ತೆ ಅದೇ. ಕೊನೆಗೆ ನನಗೇ ಅಸಹ್ಯವಾಗಿ ಕಡ್ಡಿ ಎಸೆದೆ.

ಆ ಮಿಡತೆ ಸತ್ತಿರುವುದಿಲ್ಲ. ಕಣಜದ ಮುಳ್ಳು ಕಾಲುಗಳನ್ನು ಆಡಿಸುವ ನರಗಂಟುಗಳಿಗೆ ಇಳಿಯುತ್ತದೆ. ಮಿಡತೆ ಓಡಲಾರದು, ಎದ್ದು ನಿಲ್ಲಲಾರದು. ಉಸಿರಾಡುತ್ತಿರುತ್ತದೆ. ಸತ್ತರೆ ನಮ್ಮ ಕಡೆಯ ಸೆಕೆಗೆ ಕೊಳೆತು ಹೋಗುತ್ತದೆ, ಮರಿಗೆ ದಕ್ಕುವುದಿಲ್ಲ. ಅದಕ್ಕೇ ಜೀವಂತ ಇಡುವುದು. ಅದರ ಎದೆಯಡಿ, ಕಾಲಿನ ಸಂದಿನಲ್ಲಿ ಒಂದು ಮೊಟ್ಟೆ ಅಂಟಿಸಿ, ಕೋಣೆಯ ಬಾಯಿಗೆ ಮಣ್ಣು ತುಂಬಿ, ತಲೆಯಿಂದ ಬಡಿದು ಗಟ್ಟಿ ಮಾಡಿ ಹೊರಟು ಹೋಗುತ್ತದೆ. ತಾಯಿ ಮತ್ತೆ ಆ ಮರಿಯ ಮುಖ ನೋಡುವುದಿಲ್ಲ. ಮರಿ ತಿನ್ನಲು ತೊಡಗುತ್ತದೆ.

ಇದನ್ನು ನಾನು ವರ್ಷವರ್ಷ ಪಾಠ ಮಾಡಿದವಳು. ಮಕ್ಕಳು ಬಾಯಿ ಬಿಟ್ಟು ಕೇಳುವ ಪಾಠ, ನನಗೂ ಇಷ್ಟದ್ದು. ಆ ಸಲ ಕರಿಹಲಗೆಯ ಮೇಲೆ ಮಿಡತೆಯ ನರದ ಚಿತ್ರ ಬರೆಯುವಾಗ, ಮರಿಕಲ್ಲಿನಿಂದ ಬರುವ ಒಬ್ಬ ಹುಡುಗಿ ಎದ್ದು ನಿಂತಳು.

"ಮೇಡಂ, ಅದಕ್ಕ ಎಲ್ಲಾ ಗೊತ್ತಾಗತೈತೇನ್ರಿ?"

"ಸಿಲಬಸ್‌ನಾಗ ಇಲ್ಲ, ಕುಂದರು," ಎಂದು ಗದರಿಸಿದೆ.

ಅದೇ ವಾರದ ಭಾನುವಾರ ಧನ್ವಾಡದಿಂದ ಕಾಕಾ ಬಂದಿದ್ದ, ನಮ್ಮ ಅಪ್ಪನ ತಮ್ಮ. ಅಪ್ಪ ತೀರಿಹೋದ ಮೇಲೆ ಮನೆಯ ದೊಡ್ಡ ಮಾತು ಅವನದೇ. ಕುರ್ಚಿಯನ್ನು ಅವ್ವನ ತಲೆಯ ಹತ್ತಿರ ಎಳೆದುಕೊಂಡು, ಚಹಾ ಕುಡಿಯುತ್ತ, ಸಂತೆಯಲ್ಲಿ ಮಾತಾಡುವವನಂತೆ ಮಾತಾಡಿದ.

"ಇನ್ನೇನು ಉಳದೈತಿ ಈಕಿಯೊಳಗ? ಗಾಳಿ ಬರತೈತಿ, ಹೋಗತೈತಿ, ಅಷ್ಟ. ನಳಗಿ ತಗಸಿಬಿಡ್ರಿ. ಬಾಯಾಗ ನಾಕು ಹನಿ ನೀರು ಬಿಟ್ಟು ಸುಮ್ಮನ ಕುಂದರ್ರಿ. ದೇವರು ಕರಕೊಂತಾನ."

"ಕಾಕಾ, ಅವ್ವ ಕೇಳಿಸ್ಕೊಳ್ಳಾಕತ್ತಾಳ. ಹೊರಗ ಬಾ, ಮಾತಾಡೋಣು."

"ಹುಚ್ಚಿ, ಎಲ್ಲಿ ಕೇಳಿಸ್ಕೊಂತಾಳ? ಆ ಮೂಗುಬಟ್ಟು ಈಗ ತಗದಿಟ್ಟುಕೋರಿ, ಆಮ್ಯಾಲ ಮೂಗು ಬಾತರ ಬರೋದಿಲ್ಲ."

ನನ್ನ ಕೈಯಲ್ಲಿದ್ದ ಚಹಾದ ಬಟ್ಟಲು ಗೋಡೆಗೆ ಹೋಯಿತು. ನಾನೇ ಎಸೆದಿದ್ದೆ. ಬದುಕಿರುವವಳ ಎದುರಿಗೇ ಪಾಲು ಮಾಡಾಕ ಬಂದಿಯೇನು, ನಿನಗ ಮಾನ ಮರ್ಯಾದಿ ಐತೇನು ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಕಾಕಾ ಹೆಗಲ ಮೇಲಿನ ಟವೆಲ್ ಕೊಡವಿಕೊಂಡು ಎದ್ದು ಹೋದ. ಅತ್ತಿಗೆ ಸದ್ದಿಲ್ಲದೆ ಬಟ್ಟಲಿನ ಚೂರು ಆರಿಸಿದಳು.

ಅಣ್ಣ ನನ್ನನ್ನು ಹಿತ್ತಲಿಗೆ ಕರೆದೊಯ್ದ. ಅವನು ಸಿಟ್ಟಿನವನಲ್ಲ, ಅದೇ ಕಷ್ಟ.

"ನೀ ಶನಿವಾರ ಬರ್ತಿ, ಸೋಮವಾರ ಹೋಗ್ತಿ. ನಾವು ದಿನಾ ನೋಡತೀವಿ. ಹುಣ್ಣು ಎಲುವಿಗೆ ಹತ್ಯಾವ. ಇಕಿ ಇಲ್ಲ ತಂಗಿ ಒಳಗ. ಇದ್ದಿದ್ರ ನನಗ ಗೊತ್ತಾಗತಿರಲಿಲ್ಲೇನು? ಅಮಾಸಿ ಕಳೀಲಿ, ನರ್ಸಮ್ಮನ್ನ ಕರಸಿ ನಳಗಿ ತಗಸೋಣು."

"ಅವ್ವ ಒಳಗ ಇದ್ದಾಳ."

"ಹೆಂಗ ಹೇಳತಿ?"

ಇಪ್ಪತ್ತು ಪ್ರಾಣಿಗಳ ಹೆಸರು ಒಂದೇ ಉಸಿರಿನಲ್ಲಿ ಹೇಳುವ ನಾನು, ನನ್ನ ಅವ್ವ ಇದ್ದಾಳೋ ಇಲ್ಲವೋ ಹೇಳಲಾರದೆ ನಿಂತೆ. ಅಮಾವಾಸ್ಯೆ ದೂರ ಇರಲಿಲ್ಲ.

ಒಳಗೆ ಬಂದು ಅವ್ವನ ಮಂಚ ಸರಿಸುವಾಗ ಅದರ ಕಾಲು ಕುಣಿಯ ಅಂಚಿನಲ್ಲಿ ಕುಸಿಯಿತು. ಮಣ್ಣು ಜಾರಿ ಕಣಜದ ಒಂದು ಕೋಣೆ ಬಾಯಿ ತೆರೆಯಿತು, ಒಂದು ಮಿಡತೆ ಉರುಳಿ ಬಿತ್ತು. ಅದರ ಮೇಲೆ ಮೊಟ್ಟೆ ಇರಲಿಲ್ಲ. ಎತ್ತಿ ಒಂದು ಗಾಜಿನ ಲೋಟದಲ್ಲಿ ಹಾಕಿ, ಅತ್ತಿಗೆಗೆ ಬಿಸಾಡಬೇಡ ಎಂದು ಹೇಳಿ ಮಕ್ತಲಿಗೆ ಹೋದೆ. ಮುಂದಿನ ಶನಿವಾರ ಬಂದಾಗ ಲೋಟ ಅಲ್ಲೇ ಇತ್ತು, ಅತ್ತಿಗೆ ಮೇಲೆ ತಟ್ಟೆ ಮುಚ್ಚಿದ್ದಳು. ಮಿಡತೆ ಮಗ್ಗುಲಾಗಿ ಬಿದ್ದಿತ್ತು. ಯಾರು ನೋಡಿದರೂ ಸತ್ತಿದೆ ಅನ್ನಬೇಕು. ಕಸಬರಿಗೆಯ ಕಡ್ಡಿಯಿಂದ ಬಾಯಿಯ ಹತ್ತಿರ ಮುಟ್ಟಿದೆ. ಬಹಳ ತಡವಾಗಿ ಒಂದು ಮೀಸೆ ಎದ್ದಿತು.

ಅದೇ ಕಡ್ಡಿ ಹಿಡಿದು ಅವ್ವನ ಕಾಲ ಹತ್ತಿರ ಹೋದೆ. ಅವಳ ಎಡಗಾಲಿನ ಪಾದ ಆಗೀಗ ಅಲುಗುತ್ತಿದ್ದುದು ನಮಗೆಲ್ಲ ಗೊತ್ತಿತ್ತು. ನರ ಎಳೆಯುತ್ತದೆ ಎಂದು ಬಿಟ್ಟಿದ್ದೆವು. ಅಂಗಾಲಿಗೆ ಕಡ್ಡಿ ತಾಗಿಸಿದೆ, ಪಾದ ಅಲುಗಿತು. ಆದರೆ ಇದು ಏನನ್ನೂ ಹೇಳುವುದಿಲ್ಲ. ತಲೆ ಇಲ್ಲದ ಕಪ್ಪೆಯ ಕಾಲೂ ಹೀಗೆ ಎಳೆದುಕೊಳ್ಳುತ್ತದೆ, ಅದನ್ನೂ ನಾನೇ ಪಾಠ ಮಾಡಿದ್ದೇನೆ. ಮಿಡತೆಯ ಮೀಸೆಯೂ ಅಷ್ಟೇ, ಜೀವ ಇದೆ ಎನ್ನುತ್ತದೆ, ತಿಳಿವಳಿಕೆ ಇದೆ ಎನ್ನುವುದಿಲ್ಲ. ಕಡ್ಡಿ ಮುರಿದು ಮೂಲೆಗೆ ಎಸೆದು ಅಳುತ್ತ ಕೂತೆ.

ಅಷ್ಟರಲ್ಲಿ ಅತ್ತಿಗೆ ಗಂಜಿ ತಂದಳು. ದಿನವೂ ಅವಳು ಅವ್ವನ ಜತೆ ತನ್ನಷ್ಟಕ್ಕೆ ಮಾತಾಡುತ್ತಾಳೆ. ವೇಡಿಗಾ ಉಂದಾ ಅತ್ತಾ, ಬಿಸಿ ಇದೆಯಾ ಎಂದು ಕೇಳಿ ನಳಿಗೆಗೆ ಬಿಟ್ಟಳು. ಅವ್ವನ ಪಾದದ ಮುಂಭಾಗ ಕೆಳಕ್ಕೆ ಒತ್ತಿತು. ಎಳೆದುಕೊಂಡದ್ದಲ್ಲ, ಒತ್ತಿದ್ದು.

ಆಗ ನನಗೆ ಹೊಳೆಯಿತು. ಹಾಸಿನ ಎಳೆ ಹರಿದರೆ ನೇಕಾರರು ಅದರ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಗಂಟು ಹಾಕುತ್ತಾರೆ. ಬಾಯಲ್ಲಿ ಎಳೆ ಇರುವಾಗ ಮಾತಾಡುವಂತಿಲ್ಲ. ನಾವು ಮಕ್ಕಳು ಅದೇ ಹೊತ್ತು ನೋಡಿಕೊಂಡು ಆಟಕ್ಕೆ ಹೋಗಲೇ, ಬೆಲ್ಲ ತಗೊಳ್ಳಲೇ ಎಂದು ಪೀಡಿಸುತ್ತಿದ್ದೆವು. ಹೂಂ ಅನ್ನುವುದಿದ್ದರೆ ಅವ್ವ ತುಳಿಮಣೆ ಒತ್ತುತ್ತಿದ್ದಳು, ಮೇಲೆ ಎಳೆಗಳನ್ನೆತ್ತುವ ಅಣಿ ಕಟಕ್ಕನ್ನುತ್ತಿತ್ತು. ಬೇಡ ಎಂದಾದರೆ ಪಾದ ಹಿಂದಕ್ಕೆ ತೆಗೆದುಬಿಡುತ್ತಿದ್ದಳು. ನಮ್ಮ ಓಣಿಯ ಎಲ್ಲ ಮಗ್ಗದ ಮನೆಗಳಲ್ಲೂ ತಾಯಂದಿರ ಹೂಂ ಊಹೂಂ ಹೀಗೇ.

ಅತ್ತಿಗೆಯನ್ನು ಸರಿಸಿ, ಅಂಗೈಯನ್ನು ಅವ್ವನ ಪಾದದ ಕೆಳಗಿಟ್ಟೆ.

"ಅವ್ವಾ, ನಾವು ಗದ್ವಾಲದಾಗ ಇದ್ದೀವೇನು?"

ಪಾದ ಹಿಂದಕ್ಕೆ ಸರಿಯಿತು.

"ನಾರಾಯಣಪ್ಯಾಟಿ ಏನು?"

ಒತ್ತಿತು. ಅಂಗೈಗೆ ಅದರ ಭಾರ ತಿಳಿಯಿತು.

ಕೂಗಿ ಅಣ್ಣನನ್ನು ಕರೆದೆ. ಅವನು ನಂಬಲಿಲ್ಲ. ನೀನೇ ಕೇಳು ಎಂದು ಅವನ ಕೈ ಹಿಡಿದು ಪಾದದ ಕೆಳಗೆ ಒತ್ತಿದೆ. ಅಪ್ಪ ತೀರಿಕೊಂಡದ್ದು ಮನೆಯಲ್ಲೇನು ಎಂದು ಕೇಳಿದ, ನಿನ್ನ ಸೊಸಿ ಗದ್ವಾಲದಾಕಿ ಏನು ಎಂದು ಕೇಳಿದ. ಎಲ್ಲ ಸರಿ ಬಂತು. ನಾನು ತಡೆಯಲಾರದೆ, "ಕಾಕಾ ಚಲೋ ಮನಷಾ ಏನವ್ವಾ?" ಎಂದೆ. ಪಾದ ಹಿಂದಕ್ಕೆ ಹೋಯಿತು. ಅತ್ತಿಗೆ ಸೆರಗು ಬಾಯಿಗಿಟ್ಟು ನಕ್ಕಳು, ನಗುತ್ತ ಅತ್ತಳು.

ಅಣ್ಣ ನಗಲಿಲ್ಲ. "ಅವ್ವಾ, ನಾವು ಇಲ್ಲಿ ಕುಂತು ಮಾತಾಡಿದ್ದೆಲ್ಲಾ ನಿನಗ ಕೇಳಸ್ತೇನು?" ಎಂದು ಮೆಲ್ಲಗೆ ಕೇಳಿದ. ಪಾದ ಒತ್ತಿತು. ಅವನು ಎದ್ದು ಹಿತ್ತಲಿಗೆ ಹೋಗಿ ಬಚ್ಚಲ ಕಲ್ಲಿನ ಮೇಲೆ ಕೂತುಬಿಟ್ಟ. ನನಗೆ ಮಾತ್ರ ಆ ಸಂಜೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಗೆದ್ದೆ, ಗೆದ್ದೆ ಎಂದು ಒಳಗೇ ಕುಣಿದೆ. ಕಾಕಾನಿಗೆ ಫೋನ್ ಮಾಡಿ ಬೈದೆ.

ಭಾನುವಾರ ಬೆಳಿಗ್ಗೆ ಅಣ್ಣ ಹುಣ್ಣಿಗೆ ಮುಲಾಮು ಹಚ್ಚಿ ಕೈ ತೊಳೆದುಕೊಂಡು ಬಂದ. ರಾತ್ರಿ ನಿದ್ದೆ ಮಾಡಿದ ಮುಖವಲ್ಲ ಅದು.

"ತಂಗಿ, ಅವ್ವ ಒಳಗ ಇದ್ದಾಳ. ನೀ ಹೇಳಿದ್ದು ಖರೆ. ಹಂಗಾದ್ರ ನಳಗಿ ಮಾತು ನಾವು ಮಾಡೋದಲ್ಲ. ಅಕಿನ್ನ ಕೇಳಬೇಕು."

"ನಾ ಕೇಳೋದಿಲ್ಲ."

"ಯಾಕ?"

"ಕೇಳೋದಿಲ್ಲ ಅಂದ್ರ ಕೇಳೋದಿಲ್ಲ. ಬದುಕಿರೋರನ್ನ ಸಾಯ್ತಿಯೇನು ಅಂತ ಕೇಳತಾರೇನು?"

ಅತ್ತಿಗೆ ಗಂಜಿಯ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಇಷ್ಟು ತಿಂಗಳು ಅವ್ವನ ಮೈಯ ಪ್ರತಿ ಇಂಚನ್ನೂ ತೊಳೆದವಳು ಅವಳು. ದನಿ ಏರಿಸದೆ, "ಆಮೆನೇ ಅಡಗಂಡಿ," ಎಂದಳು. ಅವರನ್ನೇ ಕೇಳಿ ಎಂದು. ಅವಳಿಗೆ ಎದುರಾಡುವ ಮುಖ ನನಗಿರಲಿಲ್ಲ.

ಇಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದೆ. ಕುಣಿಯಲ್ಲಿ ಒಂದು ಕಣಜ ಮಣ್ಣು ಬಡಿಯುತ್ತಿತ್ತು. ಅಂಗೈಯನ್ನು ಅವ್ವನ ಪಾದದ ಕೆಳಗಿಟ್ಟೆ.

"ಅವ್ವಾ, ಈ ನಳಗಿ ತಗಸಬೇಕೇನು?"

ಕೇಳಿ ಮುಗಿಯುವ ಮೊದಲೇ ಪಾದ ಒತ್ತಿತು.

"ತಗದ್ರ ನೀ ಉಳಿಯೋದಿಲ್ಲವ್ವಾ. ಗೊತ್ತೈತೇನು?"

ಒತ್ತಿತು.

"ಬ್ಯಾಡ, ಇರ್ಲೇನು?"

ಹಿಂದಕ್ಕೆ ತೆಗೆದುಕೊಂಡಳು. ಎಷ್ಟು ಶಕ್ತಿ ಇತ್ತೋ ಅಷ್ಟೂ ಹಾಕಿ ಎಳೆದುಕೊಂಡಳು. ಹಾಸಿಗೆಯ ಬಟ್ಟೆ ಮಡಿಕೆ ಬಿತ್ತು.

ನನಗೆ ಅವ್ವನ ಮೇಲೆ ಸಿಟ್ಟು ಬಂತು, ಕೆಟ್ಟ ಸಿಟ್ಟು. ನಿನ್ನ ಸಲುವಾಗಿ ಊರ ಮಂದಿಯ ಜತೆ ಜಗಳ ಆಡಿದೆನಲ್ಲ, ನೀನು ಇದ್ದೀ ಎಂದು ತೋರಿಸಿದೆನಲ್ಲ, ಇದನ್ನು ಹೇಳಲಿಕ್ಕೇನು ಎಂದು ಚೀರಬೇಕೆನಿಸಿತು. ಚೀರಲಿಲ್ಲ. ಪಾದವನ್ನು ಮತ್ತೆ ಅಂಗೈಗೆ ಎಳೆದುಕೊಂಡು, ಅದಕ್ಕೆ ಕೆನ್ನೆ ಇಟ್ಟು, ಸಣ್ಣ ಮಕ್ಕಳು ಕೇಳುವ ಹಾಗೆ ಕೇಳಿದೆ.

"ನನ್ನ ಸಲುವಾಗಿ? ನನ್ನ ಸಲುವಾಗಿ ಇನ್ನ ಸ್ವಲ್ಪ ದಿನ ಇರ್ತಿಯೇನವ್ವಾ?"

ಪಾದ ಅಲುಗಲಿಲ್ಲ. ಅರ್ಧ ಮುಚ್ಚಿದ ಆ ಕಣ್ಣುಗಳಲ್ಲಿ ಏನೂ ಕಾಣುತ್ತಿರಲಿಲ್ಲ. ನಿದ್ದೆ ಹೋದಳೇನೋ ಎಂದುಕೊಂಡೆ. ಆಮೇಲೆ ಪಾದ ಬಹಳ ನಿಧಾನವಾಗಿ, ಮನಸ್ಸಿಲ್ಲದವರು ಕೆಲಸಕ್ಕೆ ಏಳುವಂತೆ, ಕೆಳಕ್ಕೆ ಬಂತು. ನನ್ನ ಅಂಗೈಯನ್ನು ಒತ್ತಿತು. ಒತ್ತಿ ಹಾಗೇ ಇಟ್ಟುಕೊಂಡಳು.

ಎಷ್ಟು ಹೊತ್ತು ಹಾಗೆ ಕೂತಿದ್ದೆನೋ ತಿಳಿಯದು. ಬೆನ್ನಿನ ಹುಣ್ಣಿನ ವಾಸನೆ ಮುಲಾಮನ್ನು ಮೀರಿ ಬರುತ್ತಿತ್ತು. ಕಣ್ಣು ಒರೆಸಿಕೊಂಡು ಬಾಗಿಲು ತೆರೆದೆ. ಅಣ್ಣ ಹೊಸ್ತಿಲ ಆಚೆಗೇ ನಿಂತಿದ್ದ.

"ಏನಂದ್ಳು?"

"ನಳಗಿ ತಗಸ್ರಿ ಅಂದ್ಳು," ಎಂದೆ. ಆಮೇಲೆ ನಾನು ಕೇಳಿದ್ದನ್ನು, ಅದಕ್ಕೆ ಅವ್ವ ಪಾದ ಒತ್ತಿದ್ದನ್ನು ಅವನಿಗೆ ಹೇಳಲಿಲ್ಲ.